3060 ಕೊಳ್ಳಲೋ, 4060 ಕೊಳ್ಳಲೋ?

ಬ್ಲೆಂಡರ್ ಎಂಬ 3ಡಿ ತಂತ್ರಾಂಶದ ಕೆಲಸಕ್ಕೂ ಕಂಪ್ಯೂಟರ್ ಆಟಕ್ಕೂ ಗ್ರಾಫಿಕ್ಸ್ ಕಾರ್ಡ್‌ಗಳಾದ ಆರ್‌ಟಿಎಕ್ಸ್ 3060, 4060 ಇವುಗಳಲ್ಲಿ ಯಾವುದು ಎಂದು ಕೇಳಿದ್ದೀರಿ. ಬರೀ 1080ಪಿ ಆಟವಾಗಿದ್ದರೆ ಕಣ್ಣು ಮುಚ್ಚಿಕೊಂಡು 4060 ಎನ್ನುತ್ತಿದ್ದೆ: ವೇಗ ಹೆಚ್ಚು, 170 ವ್ಯಾಟ್ ಬದಲು 115 ಸಾಕು, ಜೊತೆಗೆ ಆಟ ನುಣುಪಾಗಿ ಕಾಣುವಂತೆ ನಡುನಡುವೆ ಹೊಸ ಫ್ರೇಮ್‌ಗಳನ್ನು ತಾನೇ ಸೇರಿಸುವ ಫ್ರೇಮ್ ಜನರೇಷನ್ ಬೇರೆ. ಬ್ಲೆಂಡರ್‌ಗೆ ತೊಡಕಿರುವುದು ಕಾರ್ಡಿನ ಮೆಮೊರಿಯಲ್ಲಿ. 4060ಕ್ಕೆ 8 ಜಿಬಿ ಮಾತ್ರ. ಹಳೆಯ 3060ಕ್ಕೆ 12. ಒಂದು 4ಕೆ ಟೆಕ್ಸ್‌ಚರ್, ಅಂದರೆ ವಸ್ತುವಿನ ಮೈಗೆ ಹೊದಿಸುವ ಚಿತ್ರ, ಮೆಮೊರಿಯಲ್ಲಿ ಬಿಚ್ಚಿಕೊಂಡರೆ ಸುಮಾರು 64 ಎಂಬಿ ನುಂಗುತ್ತದೆ. ಮರ, ಗೋಡೆ, ಹಂಚು ಎಂದು ಅಂಥವು ನೂರಾದರೆ 6 ಜಿಬಿ ದಾಟಿತು. ದೃಶ್ಯದ ಉಳಿದ ಭಾಗಕ್ಕೆ ಜಾಗವೆಲ್ಲಿ? ದೃಶ್ಯ ಮೆಮೊರಿಯಲ್ಲಿ ಹಿಡಿಸುವವರೆಗೆ 4060 ಮುಂದೆ, ಹಿಡಿಸದಿದ್ದರೆ ಆ ವೇಗ ಯಾರಿಗೆ ಬೇಕು! ನಿಮ್ಮ ಜಾಗದಲ್ಲಿದ್ದರೆ ನಾನು 3060 ತರುತ್ತಿದ್ದೆ. ಡಬ್ಬಿಯ ಮೇಲೆ 12 ಎಂದಿದೆಯೇ ನೋಡಿ. ಅದೇ ಹೆಸರಿನ 8 ಜಿಬಿ ಕಾರ್ಡೂ ಇದೆ, ಅದರ ಬಸ್ (ಮೆಮೊರಿಗೆ ದತ್ತಾಂಶ ಹರಿಯುವ ದಾರಿ) 192 ಬಿಟ್ ಅಗಲವಲ್ಲ, 128.