ಎರಡು ವರ್ಷದ ದಾರ ಯಾಕೆ ಬೇಕು?

ಕುಮಟಾದ ಓದುಗರೊಬ್ಬರ ಪತ್ರ: ಮೇ ತಿಂಗಳಲ್ಲಿ ಮಗಳ ಮದುವೆ. ನನ್ನ ಕೆನ್ನೆ ಜೋತು ಬಿದ್ದಿದೆ. ಥ್ರೆಡ್ ಲಿಫ್ಟ್ (ಚರ್ಮದ ಕೆಳಗೆ ದಾರ ಹಾಕಿ ಎತ್ತುವುದು) ಮಾಡಿಸೋಣ ಅಂತ ಗೋವಾದ ಒಂದು ಕ್ಲಿನಿಕ್‌ಗೆ ಹೋಗಿದ್ದೆ. 'ಪಿಡಿಒ ದಾರ ಹಳೇದು, ಬೇಗ ಕರಗುತ್ತೆ. ಪಿಸಿಎಲ್ ಹಾಕಿಸಿ, ಎರಡು ವರ್ಷ ಇರುತ್ತೆ' ಅಂದರು. ಯಾವುದು ವಾಸಿ?

ಉತ್ತರ: ಅಕ್ಕಾ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ನಾನು ಕೇಳುವುದಿಲ್ಲ. ಮಗಳ ಮದುವೆಯಲ್ಲಿ ಚೆಂದ ಕಾಣಬೇಕು ಅನ್ನಿಸುವುದು ತಪ್ಪಲ್ಲ. ಆದರೆ 'ಹಳೇದು, ಬೇಗ ಕರಗುತ್ತೆ' ಅನ್ನುವುದನ್ನು ಕುಂದು ಅನ್ನೋ ಹಾಗೆ ಹೇಳಿದರಲ್ಲ, ಅದನ್ನು ಓದಿ ನನಗೆ ಸಿಟ್ಟೇ ಬಂತು. ಪಿಡಿಒ ದಾರದ ಒಳ್ಳೇ ಗುಣಗಳೇ ಆ ಎರಡು.

ಪಿಡಿಒ ಅಂದರೆ ಪಾಲಿಡಯಾಕ್ಸನೋನ್. ಮುಖಕ್ಕೆ ಬರುವ ಎಷ್ಟೋ ಮೊದಲೇ, 1980ರ ದಶಕದಿಂದ, ಸರ್ಜನ್‌ಗಳು ಇದರಲ್ಲಿ ಹೊಟ್ಟೆ ಹೊಲಿಯುತ್ತಿದ್ದಾರೆ. ಮೈಯೊಳಗಿನ ನೀರಿಗೇ ಸ್ವಲ್ಪ ಸ್ವಲ್ಪ ಒಡೆಯುತ್ತಾ ಆರೆಂಟು ತಿಂಗಳಲ್ಲಿ ಕರಗಿ ಹೋಗುತ್ತದೆ. ಪಿಎಲ್‌ಎಲ್‌ಎ ಅನ್ನೋ ಇನ್ನೊಂದು ಬಗೆಯ ದಾರಕ್ಕೆ ವರ್ಷ, ಒಂದೂವರೆ ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಪಿಸಿಎಲ್, ಅಂದರೆ ಪಾಲಿಕ್ಯಾಪ್ರೊಲ್ಯಾಕ್ಟೋನ್, ಎರಡು ವರ್ಷದ ತನಕವೂ ಉಳಿಯಬಹುದು. ಪಿಸಿಎಲ್ ಮೆತ್ತಗಿದೆ, ಚೆನ್ನಾಗಿ ಬಾಗುತ್ತದೆ, ಅದನ್ನು ಒಪ್ಪೋಣ.

ಆದರೆ ದಾರ ಎರಡು ವರ್ಷ ಇದ್ದರೆ ಕೆನ್ನೆಯೂ ಎರಡು ವರ್ಷ ಮೇಲೆ ನಿಲ್ಲುತ್ತದೆ ಅಂತ ಯಾರು ಹೇಳಿದರು? ಎತ್ತಿ ಹಿಡಿಯುವುದು ದಾರದ ಮೇಲಿನ ಸಣ್ಣ ಮುಳ್ಳುಗಳು. ಕೂದಲಂಚಿನಿಂದ ಸೂಜಿಯಲ್ಲಿ ಒಳಗೆ ಬಿಟ್ಟು ಎಳೆದಾಗ, ನಮ್ಮ ಘಟ್ಟದ ಬೆತ್ತದ ಮುಳ್ಳು ಅಂಗಿ ಕಚ್ಚಿಕೊಂಡ ಹಾಗೆ ಅವು ಚರ್ಮದ ಕೆಳಗೆ ಕಚ್ಚಿಕೊಳ್ಳುತ್ತವೆ. ನಕ್ಕು, ಅಗಿದು, ಮಾತಾಡಿ ಆ ಹಿಡಿತ ಸಡಿಲಾಗುತ್ತದೆ. ಬಹಳ ಜನರಿಗೆ ವರ್ಷ ಕಳೆಯುವಷ್ಟರಲ್ಲಿ ಕೆನ್ನೆ ಮತ್ತೆ ಇಳಿದಿರುತ್ತದೆ. ಆಮೇಲೂ ಒಳಗೇ ಕೂತ ದಾರದಿಂದ ನಿಮಗೇನು ಲಾಭ? ಗುಳಿ ಬಿದ್ದರೆ, ತುದಿ ಚುಚ್ಚಿಕೊಂಡು ಹೊರಗೆ ಬಂದರೆ, ಕೀವಾದರೆ, ಬೇಗ ಕರಗುವ ದಾರವೇ ವಾಸಿ ಅಲ್ವಾ? 1990ರ ದಶಕದ ಕೊನೆಯಲ್ಲಿ ಈ ಥ್ರೆಡ್ ಲಿಫ್ಟ್ ಶುರುವಾದಾಗ ಹಾಕುತ್ತಿದ್ದದ್ದು ಕರಗದ ಪಾಲಿಪ್ರೊಪಿಲೀನ್ ದಾರ. ತೊಂದರೆಯಾದವರಿಗೆ ಅದನ್ನು ಕೊಯ್ದೇ ತೆಗೆಯಬೇಕಿತ್ತು.

ನಿಮ್ಮ ಮೇಲೂ ಬೇಜಾರಿದೆ. ದಾರದ ವಿಷಯ ಇಷ್ಟು ವಿಚಾರಿಸಿದಿರಿ, ಹಾಕುವವರು ಯಾರು, ಏನು ಓದಿದ್ದಾರೆ ಅಂತ ಒಂದು ಸಾಲೂ ಬರೆಯಲಿಲ್ಲ. ಮನೆಗೆ ಬಂದ ಮೇಲೆ ನಡುರಾತ್ರಿ ಕೆನ್ನೆ ಕೆಂಪಾಗಿ ಊದಿಕೊಂಡರೆ ಎಲ್ಲಿಗೆ ಹೋಗುತ್ತೀರಿ? ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಸರಿ. ಆದರೂ ಕೇಸು ಸ್ವಲ್ಪ ಗಂಭೀರವಾಯಿತು ಅಂದರೆ ನಮ್ಮವರು ಓಡುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೇ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಆಗ ಜನ ಎಷ್ಟು ಕೂಗಿದರು! ಮುಖ ಎತ್ತಲು ಊರೂರಲ್ಲಿ ಬೋರ್ಡು ಏಳುತ್ತವೆ, ಜೀವ ಉಳಿಸಲು ಮಾತ್ರ ನಾವು ಹೆದ್ದಾರಿ ಹಿಡಿಯಬೇಕು. ಇದನ್ನು ನಾನು ಬರೆಯುತ್ತಲೇ ಇರುತ್ತೇನೆ.

ಮಾಡಿಸುವುದೇ ಆದರೆ ಚರ್ಮದ ಡಾಕ್ಟರೋ ಪ್ಲಾಸ್ಟಿಕ್ ಸರ್ಜನ್ನೋ ಆಗಿರಲಿ, ಪಾರ್ಲರ್ ಬೇಡವೇ ಬೇಡ. ದಾರದ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ, ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಊತ, ಗುಳಿ ಇಳಿಯಲು ಎರಡು ಮೂರು ವಾರ ಬೇಕು, ಹಾಗಾಗಿ ಮದುವೆಗೆ ತಿಂಗಳಿಗಿಂತ ಮೊದಲೇ ಮುಗಿಸಿ. ಹಲ್ಲಿನ ಕೆಲಸ ಏನಾದರೂ ಬಾಕಿ ಇದ್ದರೆ ಅದಕ್ಕೂ ಮುಂಚೆ ಮಾಡಿಸಿಕೊಳ್ಳಿ, ದಾರ ಹಾಕಿದ ಮೇಲೆ ಕೆಲವು ವಾರ ಬಾಯಿ ಅಗಲ ತೆರೆಯುವ ಹಾಗಿಲ್ಲ.