ಅಜ್ಜನ ಕಾಲದ ಟ್ರ್ಯಾಕ್ಟರಿಗೆ ರಿಪೇರಿ ಮಾಹಿತಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮ ಅಜ್ಜ 1960ರ ದಶಕದಲ್ಲಿ ಕೊಂಡ ಮ್ಯಾಸಿ ಫರ್ಗುಸನ್ 35 ಡೀಸೆಲ್ ಟ್ರ್ಯಾಕ್ಟರ್ ಬಹಳ ವರ್ಷಗಳಿಂದ ಕಣದ ಮೂಲೆಯಲ್ಲಿ ನಿಂತಿದೆ. ಅದನ್ನು ಮತ್ತೆ ಮೊದಲಿನಂತೆ ಮಾಡಿಸಬೇಕೆಂದಿದ್ದೇನೆ. ಆದರೆ ನಮ್ಮೂರಿನ ಮೆಕ್ಯಾನಿಕ್ ‘ಅಳತೆಯ ಪುಸ್ತಕ ತಂದುಕೊಡಿ, ಇಲ್ಲದಿದ್ದರೆ ಎಂಜಿನ್ ಬಿಚ್ಚುವುದಿಲ್ಲ’ ಎನ್ನುತ್ತಾರೆ. ಅಂತರ್ಜಾಲದಲ್ಲಿ ಸಿಕ್ಕ ಪಿಡಿಎಫ್ ಒಂದರಲ್ಲಿ ಸ್ಪಾರ್ಕ್ ಪ್ಲಗ್, ಕಾರ್ಬ್ಯುರೇಟರ್ ವಿಷಯವೇ ತುಂಬಿದೆ. ಸರಿಯಾದ ಪುಸ್ತಕ ಎಲ್ಲಿ ಸಿಗುತ್ತದೆ?
— ಹರಿಹರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಹೀಗೆ ಹಟ ಹಿಡಿಯುವವರು ಈಗ ಕಡಿಮೆ. ಆದರೆ ಪುಸ್ತಕ ಹುಡುಕುವ ಮೊದಲು ನಿಮ್ಮ ಕಣದಲ್ಲಿ ನಿಂತಿರುವುದು ಯಾವ 35 ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಮೊದಮೊದಲ ಡೀಸೆಲ್ 35ರಲ್ಲಿ ಸ್ಟ್ಯಾಂಡರ್ಡ್ ಕಂಪನಿಯ 23ಸಿ ಎಂಬ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗದೆ ಸತಾಯಿಸುವುದಕ್ಕೆ ಅದು ಹೆಸರುವಾಸಿಯಾಗಿತ್ತು. 1959ರಲ್ಲಿ ಮ್ಯಾಸಿ ಫರ್ಗುಸನ್ ಕಂಪನಿಯು ಡೀಸೆಲ್ ಎಂಜಿನ್ ತಯಾರಿಸುವ ಪರ್ಕಿನ್ಸ್ ಕಂಪನಿಯನ್ನು ಕೊಂಡಿತು. ಆ ಹೊತ್ತಿನಿಂದ 23ಸಿ ಜಾಗಕ್ಕೆ ಪರ್ಕಿನ್ಸಿನ ಎ3.152 ಎಂಬ ಮೂರು ಸಿಲಿಂಡರಿನ ಎಂಜಿನ್ ಬಂತು. ಅಮೆರಿಕದಲ್ಲಿ 35 ಎಂಬ ಇದೇ ಹೆಸರಿನಲ್ಲಿ ಕಾಂಟಿನೆಂಟಲ್ ಪೆಟ್ರೋಲ್ ಎಂಜಿನ್ನಿನ ಟ್ರ್ಯಾಕ್ಟರ್ ಮಾರಾಟವಾಗುತ್ತಿತ್ತು, ನಿಮಗೆ ಸಿಕ್ಕ ಪಿಡಿಎಫ್ ಬಹುತೇಕ ಅದರದೇ ಇರಬೇಕು. ನಮ್ಮಲ್ಲಿ ಮದ್ರಾಸಿನ ಟಾಫೆ ಕಂಪನಿ ಮುಂದೆ ತಯಾರಿಸಿದ 1035 ಮಾದರಿಯೂ ಇದೇ ವಂಶದ್ದು.

ಆದ್ದರಿಂದ ಬಾನೆಟ್ಟಿನ ಮೇಲಿನ ಅಂಕಿಯನ್ನು ನಂಬಬೇಡಿ. ಇಷ್ಟು ವರ್ಷಗಳಲ್ಲಿ ಬಾನೆಟ್ ಬದಲಾಗಿರಬಹುದು, ಎಂಜಿನ್ನೇ ಬದಲಾಗಿರಬಹುದು. ಇಂಜೆಕ್ಟರಿಗೆ ಹೋಗುವ ಪೈಪುಗಳನ್ನು ಎಣಿಸಿದರೆ ಮೂರೋ ನಾಲ್ಕೋ ಎಂಬುದು ತಕ್ಷಣ ತಿಳಿಯುತ್ತದೆ. ಬಳಿಕ ಡ್ಯಾಶ್‌ಬೋರ್ಡಿನ ಬಳಿಯ ಸೀರಿಯಲ್ ನಂಬರಿನ ತಗಡನ್ನೂ ಬ್ಲಾಕಿನ ಮೇಲೆ ಕೊರೆದಿರುವ ಎಂಜಿನ್ ನಂಬರನ್ನೂ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಅಕ್ಷರಗಳ ಮೇಲೆ ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಉಕ್ಕಿನ ಬ್ರಷ್ಷಿನಿಂದ ಮಾತ್ರ ಉಜ್ಜಬೇಡಿ. ತೆಳುವಾಗಿ ಕೊರೆದ ಅಕ್ಷರಗಳು ಅಳಿಸಿಹೋಗುತ್ತವೆ. ಎರಕದಲ್ಲೇ ಉಬ್ಬಿ ನಿಂತಿರುವ ಅಂಕಿಗಳು ಆ ಎರಕದ ಗುರುತೇ ಹೊರತು ಬಿಡಿಭಾಗದ ನಂಬರಲ್ಲ. ಅಂಗಡಿಯಲ್ಲಿ ಅವನ್ನು ಹೇಳಿದರೆ ಗೊಂದಲವೇ ಹೆಚ್ಚು.

ಇನ್ನು ಪುಸ್ತಕದ ವಿಚಾರ. ಚಾಲಕರ ಕೈಪಿಡಿ, ವರ್ಕ್‌ಶಾಪ್ ಮ್ಯಾನ್ಯುಯಲ್ (ನಿಮ್ಮ ಮೆಕ್ಯಾನಿಕ್ ಕೇಳಿದ ಅಳತೆಯ ಪುಸ್ತಕ), ಪಾರ್ಟ್ಸ್ ಕ್ಯಾಟಲಾಗ್ ಎಂಬ ಮೂರೂ ಬೇರೆ ಬೇರೆ ಪುಸ್ತಕಗಳು. ಎಲ್ಲರೂ ಎರಡನೆಯದನ್ನೇ ಕೇಳುತ್ತಾರೆ, ಆದರೆ ಹಳೆಯ ಗಾಡಿಯನ್ನು ಪೂರ್ತಿ ಬಿಚ್ಚಿ ಜೋಡಿಸುವವರು ಮೊದಲು ಸಂಪಾದಿಸಬೇಕಾದದ್ದು ಪಾರ್ಟ್ಸ್ ಕ್ಯಾಟಲಾಗ್ ಎಂಬುದು ನನ್ನ ಅಭಿಪ್ರಾಯ. ಒಂದೊಂದು ಭಾಗವನ್ನೂ ಬಿಡಿಸಿ ತೋರಿಸುವ ಅದರ ಚಿತ್ರಗಳಿಂದ ಯಾವ ವಾಷರ್ ಯಾವುದರ ಹಿಂದೆ ಕೂರಬೇಕು, ನಿಮ್ಮ ಗಾಡಿಯಲ್ಲಿ ಈಗಾಗಲೇ ಏನು ಕಳೆದುಹೋಗಿದೆ ಎಂಬುದು ಗೊತ್ತಾಗುತ್ತದೆ. ಯಾವ ಸೀರಿಯಲ್ ನಂಬರಿನಿಂದ ಯಾವ ಭಾಗ ಬದಲಾಯಿತೆಂಬ ವಿವರವೂ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಹಾಗೆಂದು ವರ್ಕ್‌ಶಾಪ್ ಮ್ಯಾನ್ಯುಯಲ್ ಇಲ್ಲದೆ ಕೈಹಾಕಬಾರದ ಜಾಗಗಳೂ ಇವೆ. ಎ3.152 ಎಂಜಿನ್ನಿನ ಟ್ಯಾಪೆಟ್ ಸಂದು (ವಾಲ್ವಿನ ತುದಿಯಲ್ಲಿ ಬಿಡುವ ಅಂತರ) ತಣ್ಣಗಿರುವಾಗ 0.012 ಇಂಚು, ಬಿಸಿಯಿರುವಾಗ 0.010 ಇಂಚು ಎಂಬುದನ್ನು ಯಾರಾದರೂ ಹಳಬರು ಬಾಯಲ್ಲೇ ಹೇಳಿಯಾರು. ಆದರೆ ಇದೇ ಎಂಜಿನ್ನಿನಲ್ಲಿ ಕ್ರೋಮ್ ಲೇಪಿಸಿದ ತೆಳು ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಒಂದು, ಒತ್ತಿ ಕೂರಿಸುವ ಎರಕದ ಕಬ್ಬಿಣದ ಲೈನರ್ ಇನ್ನೊಂದು, ಹೀಗೆ ಎರಡು ಬಗೆಯ ಲೈನರುಗಳು ಬಂದಿವೆ. ಕ್ರೋಮ್ ಲೈನರನ್ನು ಬೋರ್ ಮಾಡಿಸುವಂತಿಲ್ಲ, ಅದಕ್ಕೆ ಕ್ರೋಮ್ ರಿಂಗ್ ಹಾಕುವಂತೆಯೂ ಇಲ್ಲ. ಇದನ್ನು ನೋಡದೆ ಬ್ಲಾಕನ್ನು ಲೇತ್ ಅಂಗಡಿಗೆ ಹೊರಿಸಿದರೆ ಹಣವೂ ಹೋಯಿತು, ಲೈನರೂ ಹೋಯಿತು. ಡಬಲ್ ಕ್ಲಚ್ಚಿನ ಹೊಂದಾಣಿಕೆ, ಹಿಂದಿನ ಹೌಸಿಂಗಿನ ಎಣ್ಣೆಯೊಳಗೇ ಕುಳಿತಿರುವ ಹೈಡ್ರಾಲಿಕ್ ಪಂಪು, ಲಿಫ್ಟಿನ ಕ್ವಾಡ್ರಂಟ್ (ಹಿಡಿಕೆ ಓಡಾಡುವ ಕಮಾನು) ಅಳತೆ, ಇವೂ ಅಂದಾಜಿನ ಕೆಲಸಗಳಲ್ಲ.

ಈ ಪುಸ್ತಕಗಳಿಗಾಗಿ ಮೊದಲು ಕಂಪನಿಯ ಹಳೆಯ ಡೀಲರುಗಳನ್ನು ವಿಚಾರಿಸಿ. ಬಿಡಿಭಾಗದ ಕೌಂಟರಿನ ಹಿಂದಿನ ಕಪಾಟಿನಲ್ಲಿ ಯಾರೂ ಕೇಳದ ಕ್ಯಾಟಲಾಗುಗಳು ಉಳಿದಿರುವುದುಂಟು. ರಾಯಚೂರಿನ ಕೃಷಿ ತಾಂತ್ರಿಕ ಮಹಾವಿದ್ಯಾಲಯದ ಗ್ರಂಥಾಲಯದಲ್ಲೂ ಕೇಳಿನೋಡಬಹುದು. ಮುದ್ರಿತ ಪ್ರತಿಗಳನ್ನು ಬ್ರಿಟನ್ನಿನ ಹಳೆಯ ಪುಸ್ತಕದ ವ್ಯಾಪಾರಿಗಳಿಂದ ತರಿಸಿಕೊಳ್ಳಲು ಸಾಧ್ಯವಿದೆ. ಆದರೆ ಹಣ ಕೊಡುವ ಮೊದಲು ಪರ್ಕಿನ್ಸ್ ಮೂರು ಸಿಲಿಂಡರಿನ ಅಧ್ಯಾಯವಿರುವ ಪುಟದ ಚಿತ್ರವನ್ನು ಕೇಳಿ ನೋಡಿ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಗ್ರಾಮೀಣ ಬದುಕಿನ ಸಂಗ್ರಹಾಲಯದಲ್ಲಿ ಹಳೆಯ ಕೃಷಿ ಯಂತ್ರ ಕಂಪನಿಗಳ ಕಾಗದಪತ್ರಗಳಿವೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯೂ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯವೂ ಪ್ರಕಟಿಸುವ ಟ್ರ್ಯಾಕ್ಟರ್ ಪರೀಕ್ಷಾ ವರದಿಗಳಿಂದ ರಿಪೇರಿ ಕಲಿಯಲಾಗದು. ಎಂಜಿನ್ ವೇಗ, ತೂಕ, ಇಂಧನದ ಖರ್ಚುಗಳನ್ನು ತಾಳೆ ನೋಡುವುದಕ್ಕಷ್ಟೇ ಅವು ಸಾಕು.

ಪುಸ್ತಕ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ, ಏಕೆಂದರೆ ಮಾಹಿತಿಯ ಒಂದು ದೊಡ್ಡ ಪಾಲು ಗಾಡಿಯಲ್ಲೇ ಬರೆದಿರುತ್ತದೆ. ಬಾಲ್ ಬೇರಿಂಗಿನ ಅಂಚಿನಲ್ಲಿರುವ ನಂಬರು ಲೋಕಕ್ಕೆಲ್ಲ ಒಂದೇ: 6206 ಎಂದಿದ್ದರೆ ಒಳಗಿನ ವ್ಯಾಸ 30, ಹೊರಗಿನದು 62, ಅಗಲ 16 ಮಿಲಿಮೀಟರ್. ಅದನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಬೇರಿಂಗ್ ಅಂಗಡಿಯಲ್ಲಿ ಹೇಳಿದರೂ ಟ್ರ್ಯಾಕ್ಟರಿನ ಹೆಸರು ಕೇಳದೆ ಕೊಡುತ್ತಾರೆ. ಆಯಿಲ್ ಸೀಲಿನ ಮೇಲೂ ಅಳತೆ ಇರುವುದುಂಟು. ಕ್ರ್ಯಾಂಕಿನ ಬೇರಿಂಗ್ ಶೆಲ್ಲುಗಳನ್ನು ತೆಗೆದಾಗ ಬೆನ್ನು ತಿರುಗಿಸಿ ನೋಡಿ. 010 ಅಥವಾ 020 ಎಂದಿದ್ದರೆ ಕ್ರ್ಯಾಂಕನ್ನು ಹಿಂದೆ ಅಷ್ಟು ಸಾವಿರದ ಭಾಗ ಇಂಚು ಸವೆಸಿದ್ದಾರೆಂದು ಅರ್ಥ, ಅಜ್ಜನ ಕಾಲದ ರಿಪೇರಿಯ ದಾಖಲೆ ಅದೊಂದೇ ಉಳಿದಿರಬಹುದು. ಡೀಸೆಲ್ ಪಂಪನ್ನು ಟೆಸ್ಟ್ ಬೆಂಚಿಗೆ ಕಳುಹಿಸುವ ಮೊದಲು ಅದರ ತಗಡಿನ ಮೇಲಿನ ಎಲ್ಲ ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ, ಹೊಂದಾಣಿಕೆಯ ಲೆಕ್ಕ ಸಿಗುವುದು ಆ ಅಂಕಿಗಳಿಂದಲೇ. ಬೋಲ್ಟುಗಳು ಬಹುಪಾಲು ಇಂಚಿನ ಯುಎನ್‌ಎಫ್, ಯುಎನ್‌ಸಿ ಥ್ರೆಡ್ಡಿನವು. ಅರ್ಧ ಇಂಚಿನ ತೂತಿಗೆ 12 ಮಿಲಿಮೀಟರಿನ ಬೋಲ್ಟು ಸಡಿಲವಾಗಿ ಕೂತರೂ ಕಚ್ಚಿಕೊಳ್ಳುವುದಿಲ್ಲ, ಬಲವಂತ ಮಾಡಿದರೆ ಥ್ರೆಡ್ ಹಾಳಾಗುತ್ತದೆ. ಥ್ರೆಡ್ ಅಳೆಯುವ ಪಿಚ್ ಗೇಜ್ ಒಂದನ್ನು ಕೊಂಡಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮಲ್ಲಿರುವುದು ಎಚ್‌ಎಂಟಿ ಜೆಟರ್ 2511. ಕಂಪನಿ ಟ್ರ್ಯಾಕ್ಟರ್ ತಯಾರಿಕೆಯನ್ನೇ ನಿಲ್ಲಿಸಿದೆ. ಇದಕ್ಕೂ ಇದೇ ದಾರಿಯೇ?
— ಗಂಗಾವತಿಯ ಓದುಗರು

ಉತ್ತರ: ದಾರಿ ಇದೇ, ಊರು ಬೇರೆ. ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಈ ಟ್ರ್ಯಾಕ್ಟರ್ ತಯಾರಿಸತೊಡಗಿದ್ದು ಜೆಟರ್ ಟ್ರ್ಯಾಕ್ಟರುಗಳನ್ನು ರಫ್ತು ಮಾಡುತ್ತಿದ್ದ ಜೆಕೊಸ್ಲೊವಾಕಿಯಾದ ಮೊಟೊಕೊವ್ ಸಂಸ್ಥೆಯ ಸಹಯೋಗದಲ್ಲಿ. ಹಾಗಾಗಿ ಎಚ್‌ಎಂಟಿ ಪುಸ್ತಕ ಸಿಗದಿದ್ದರೆ ಮೊಟೊಕೊವ್ ಹೆಸರಿನಲ್ಲಿ ಮುದ್ರಣವಾದ ಇಂಗ್ಲಿಷ್ ಕೈಪಿಡಿಗಳನ್ನು ಹುಡುಕಿ. ಬ್ರನೊ ನಗರದ ಜೆಟರ್ ಕಾರ್ಖಾನೆ ಎರಡು, ಮೂರು, ನಾಲ್ಕು ಸಿಲಿಂಡರಿನ ಮಾದರಿಗಳನ್ನು ಒಂದೇ ಸರಣಿಯಾಗಿ ರೂಪಿಸಿ ಅನೇಕ ಭಾಗಗಳನ್ನು ಸಮಾನವಾಗಿಟ್ಟಿದ್ದರಿಂದ, ಅದೇ ಸರಣಿಯ ಇತರ ಮಾದರಿಗಳ ಕ್ಯಾಟಲಾಗ್ ಕೂಡ ಬಹುಮಟ್ಟಿಗೆ ಕೆಲಸಕ್ಕೆ ಬರುತ್ತದೆ. ಆದರೆ ಪಿಸ್ಟನ್, ಲೈನರ್ ತರಿಸುವಾಗ ಕ್ಯಾಟಲಾಗನ್ನು ನೆಚ್ಚಿಕೊಳ್ಳದೆ ನಿಮ್ಮ ಎಂಜಿನ್ನಿನ ಬೋರನ್ನು ಅಳೆದು, ಮಿಲಿಮೀಟರಿನಲ್ಲೇ ಬರೆದುಕೊಂಡು ಹೋಗಿ.