‘ಅವನ ಮನಸ್ಸಿನ್ಯಾಗ ಇರಲಿಲ್ಲ’ ಅಂತ ಅಪ್ಪ ಯಾರನ್ನು ಕಾಯುತ್ತಿದ್ದಾರೆ?

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ಪಕ್ಕಕ್ಕಿಡಲು ಆಗಲಿಲ್ಲ. ಬರೆದವರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಯುವಕ. ಬೆಳಗಾವಿಯಲ್ಲಿ ನೌಕರಿ, ಶನಿವಾರ ರಾತ್ರಿ ಊರಿಗೆ ಬರುತ್ತಾರೆ. ರವಿವಾರ ಮಧ್ಯಾಹ್ನ ಊಟಕ್ಕೆ ಕುಂತರೆ ಅಪ್ಪನ ಜೊತೆ ದೇವರ ಮೇಲೆ ವಾದ. ದೇವರಿಗೆ ಎಲ್ಲ ಮೊದಲೇ ಗೊತ್ತಿದ್ದರೆ ಮನುಷ್ಯನಿಗೆ ಸ್ವಂತ ಇಚ್ಛೆ ಎಲ್ಲಿ ಉಳಿಯಿತು, ಸ್ವಂತ ಇಚ್ಛೆ ಇದ್ದರೆ ಅಂಥ ದೇವರು ಹೇಗಿರಲು ಸಾಧ್ಯ ಎಂಬುದು ಮಗನ ಪ್ರಶ್ನೆ. ‘ಎಲ್ಲಾ ಅವನ ಮನಸ್ಸು’ ಎಂಬುದೊಂದೇ ಅಪ್ಪನ ಉತ್ತರ. ಈಗ ಅಪ್ಪ ಅರ್ಧ ರೊಟ್ಟಿಗೇ ಕೈ ತೊಳೆದು ಏಳುತ್ತಿದ್ದಾರೆ, ಅವ್ವ ಇಬ್ಬರ ಜೊತೆಗೂ ಮಾತು ಬಿಟ್ಟಿದ್ದಾರೆ. “ನನ್ನ ತರ್ಕದಲ್ಲಿ ತಪ್ಪಿದ್ದರೆ ತೋರಿಸಿ, ಇಲ್ಲದಿದ್ದರೆ ಅಪ್ಪನನ್ನು ಒಪ್ಪಿಸುವುದು ಹೇಗೆ ತಿಳಿಸಿ” ಎಂದು ಕೇಳಿದ್ದಾರೆ.

ತರ್ಕ ಕೇಳಿದ್ದೀರಿ, ಅದನ್ನೇ ಮೊದಲು ನೋಡೋಣ. ನಾಳೆ ಬೆಳಿಗ್ಗೆ ನಾನು ಚಹಾ ಕುಡಿಯುತ್ತೇನೆಂದು ದೇವರಿಗೆ ಇವತ್ತೇ ಗೊತ್ತು, ದೇವರ ತಿಳಿವು ತಪ್ಪುವಂತಿಲ್ಲ, ಆದ್ದರಿಂದ ನಾನು ಕುಡಿಯುವುದು ಅನಿವಾರ್ಯ ಎನ್ನುತ್ತೀರಿ. ಇಲ್ಲಿ ಅನಿವಾರ್ಯತೆ ನಿಮಗೆ ಗೊತ್ತಾಗದಂತೆ ಜಾಗ ಬದಲಿಸಿದೆ. ಅನಿವಾರ್ಯವಾಗಿರುವುದು ತಿಳಿವಿಗೂ ಘಟನೆಗೂ ಇರುವ ನಂಟು, ಘಟನೆಯಲ್ಲ. ಕಟ್ಟೆಯ ಮೇಲೆ ಒಬ್ಬರು ಕುಂತದ್ದನ್ನು ನೀವು ಕಂಡಿದ್ದೀರಿ ಎಂದರೆ ಅವರು ಅಲ್ಲಿ ಕುಂತಿರಲೇಬೇಕು. ಆದರೆ ನೀವು ಕಂಡಿರಿ ಎಂಬ ಕಾರಣಕ್ಕೆ ಅವರು ಕುಂತದ್ದಲ್ಲ. ಆರನೇ ಶತಮಾನದಲ್ಲಿ ಸೆರೆಯಲ್ಲಿದ್ದ ರೋಮನ್ ತತ್ವಜ್ಞಾನಿ ಬೋಥಿಯಸ್ ಇದೇ ಜಾಡಿನಲ್ಲಿ ಯೋಚಿಸಿ, ದೇವರು ಕಾಲದ ಒಳಗಿಲ್ಲ, ನಮ್ಮ ನಾಳೆಯೂ ಅವನಿಗೆ ಕಣ್ಣೆದುರಿಗೇ ಇದೆ ಎಂದು ಬರೆದ.

ಇಷ್ಟಕ್ಕೆ ನಿಮ್ಮ ವಾದ ಬಿದ್ದುಹೋಗಲಿಲ್ಲ. ಅದನ್ನು ಗಟ್ಟಿ ಮಾಡಲೂ ಬರುತ್ತದೆ. ದೇವರಿಗೆ ಅದು ನಿನ್ನೆಯೇ ಗೊತ್ತಿತ್ತು. ನಿನ್ನೆಯದನ್ನು ಬದಲಿಸುವ ಶಕ್ತಿ ಯಾರಿಗೂ ಇಲ್ಲ. ಅದಕ್ಕೆ ಅಂಟಿಕೊಂಡ ನಾಳೆಯೂ ಹಾಗಾದರೆ ನನ್ನ ಕೈಯಲ್ಲಿಲ್ಲ. ಅಮೆರಿಕದ ತತ್ವಜ್ಞಾನಿ ನೆಲ್ಸನ್ ಪೈಕ್ 1965ರಲ್ಲಿ ಹೆಚ್ಚುಕಡಿಮೆ ಹೀಗೆ ಕಟ್ಟಿದ ವಾದಕ್ಕೆ ಎಲ್ಲರೂ ತಲೆದೂಗುವ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಇದು ಎಷ್ಟು ಗಟ್ಟಿಯಿದ್ದರೂ ನಿಮ್ಮ ಅಪ್ಪನಿಗೆ ತಾಗುವುದಿಲ್ಲ. ‘ಅವನಿಗೆ ಗೊತ್ತಿತ್ತು’ ಎಂದು ಅವರು ಒಂದು ಸಲವೂ ಅಂದಿಲ್ಲ, ‘ಅವನ ಮನಸ್ಸು’ ಎಂದಿದ್ದಾರೆ. ತಿಳಿಯುವವನ ಬಗ್ಗೆ ನಿಮ್ಮ ವಾದ, ಮಾಡಿಸುವವನ ಬಗ್ಗೆ ಅವರ ಮಾತು. ಎದುರಿನವರ ಮಾತನ್ನು ‘ಹೌದು, ನಾ ಅಂದದ್ದು ಇದ’ ಎಂದು ಅವರೇ ಒಪ್ಪುವ ಹಾಗೆ ತಿರುಗಿ ಹೇಳಲು ಬಾರದಿದ್ದರೆ ಉತ್ತರ ಕೊಡಬಾರದು ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದದ್ದಿದೆ. ಪೂರ್ವಪಕ್ಷ ಎಂದು ನಮ್ಮಲ್ಲಿ ಮೊದಲಿನಿಂದ ಇರುವ ಶಿಸ್ತು ಅದು. ನೀವು ಅದನ್ನು ಹಾರಿ ಮುಂದೆ ಹೋಗಿದ್ದೀರಿ.

ಇನ್ನೊಂದು ಕಡೆ ನೀವು ಎರಡು ದೋಣಿಯ ಮೇಲೆ ಕಾಲಿಟ್ಟಿದ್ದೀರಿ. ನಾವು ನಿರ್ಧರಿಸುವ ಮೊದಲೇ ಮಿದುಳು ನಿರ್ಧರಿಸಿರುತ್ತದೆ, ಸ್ವತಂತ್ರ ಇಚ್ಛೆ ಬರೀ ಭ್ರಮೆ ಎಂದು ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ ಪ್ರಯೋಗವನ್ನು ಮುಂದಿಟ್ಟಿದ್ದೀರಿ. ಎರಡು ಪುಟ ದಾಟಿದ ಮೇಲೆ, ಮನುಷ್ಯ ಮಾಡಿದ್ದಕ್ಕೆ ಮನುಷ್ಯನೇ ಹೊಣೆ, ದೇವರ ಮೇಲೆ ಹಾಕಿ ಪಾರಾಗಬಾರದು ಎಂದಿದ್ದೀರಿ. ಎರಡನ್ನೂ ಒಟ್ಟಿಗೆ ಹೇಳಬೇಕೆಂದರೆ ನಡುವೆ ಸಾಕಷ್ಟು ವಿವರಣೆ ಬೇಕು, ನೀವು ಒಂದು ಸಾಲನ್ನೂ ಕೊಟ್ಟಿಲ್ಲ. ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದ್ದವರು ಮಾಡಬೇಕಾದದ್ದು ಮನಸ್ಸು ಬಂದಾಗ ಕೈ ಅಲುಗಿಸುವುದು, ಅಷ್ಟೇ. ಕೈ ಅಲುಗುವ ಸುಮಾರು ಅರ್ಧ ಸೆಕೆಂಡ್ ಮೊದಲೇ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಏರತೊಡಗಿತ್ತು, ಅಲುಗಿಸಬೇಕೆನ್ನಿಸಿತು ಎಂದು ಅವರು ಗುರುತಿಸಿದ ಗಳಿಗೆ ಅದಕ್ಕಿಂತ ತಡವಾಗಿ, ಕೈ ಅಲುಗುವ ಸುಮಾರು 200 ಮಿಲಿಸೆಕೆಂಡ್ ಮುಂಚೆ ಬಂತು. ಆ ಏರಿಕೆ ನಿರ್ಧಾರವೇ ಅಲ್ಲ, ಮಿದುಳಿನಲ್ಲಿ ತಾನಾಗಿ ಆಗುವ ಏರಿಳಿತಗಳ ಸರಾಸರಿಯೂ ಹಾಗೆ ಕಾಣಬಹುದು ಎಂದು 2012ರಲ್ಲಿ ಆರನ್ ಶುರ್ಗರ್ ಮತ್ತು ಜೊತೆಗಾರರು ತೋರಿಸಿದರು. ಏನೇ ಇರಲಿ, ಸಾಲ ತೆಗೆದು ಬೋರ್ ಹಾಕಿಸುವಂಥ, ತಿಂಗಳುಗಟ್ಟಲೆ ಮನೆಮಂದಿ ಕೂತು ಮಾತಾಡಿದ ನಿರ್ಧಾರವನ್ನು ಆ ಅರ್ಧ ಸೆಕೆಂಡಿನಿಂದ ಅಳೆಯಲು ಬರುವುದಿಲ್ಲ.

ಬೋರಿನ ಮಾತು ಬೇಕೆಂದೇ ಎತ್ತಿದೆ. ಪತ್ರದ ಕೊನೆಯ ಪುಟದಲ್ಲಿ, ಅಪ್ಪ ಎಷ್ಟು ಹಟಮಾರಿ ಎಂದು ತೋರಿಸಲು, ಹೀಗೆ ಬರೆದಿದ್ದೀರಿ: “ಹೋದ ವರ್ಷ ನಾನ ಹೇಳಿ ಹಾಕಿಸಿದ ನಾಕನೇ ಬೋರ್ ಫೇಲಾತು. ಅವಾಗಿಂದ ‘ಅವನ ಮನಸ್ಸಿನ್ಯಾಗ ಇರಲಿಲ್ಲ ಬಿಡು’ ಅನ್ನೂದು ಜಾಸ್ತಿ ಆಗೇದ. ಈ ಸಲ ಅಕ್ಟೋಬರ್ ಚಾಟ್ನಿಗೂ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ತ್ವಾಟಕ್ಕ ಬರಲಿಲ್ಲ, ಆಳು ಹಚ್ಚಿ ನಾನ ಮಾಡಿಸಿದೆ.”

ನೀವು ಹೇಳಿ ಹಾಕಿಸಿದ ಬೋರ್. ಎಂಟು ಪುಟದ ಪತ್ರದಲ್ಲಿ ಇದಕ್ಕೆ ಒಂದು ಸಾಲು.

ಈಗ ನಿಮ್ಮ ಅಪ್ಪನ ಮಾತನ್ನು ಇನ್ನೊಮ್ಮೆ ಕೇಳಿ. ನಿನ್ನ ಮಾತು ಕೇಳಿ ಕೆಟ್ಟೆ ಎಂದು ಅವರು ಅನ್ನಬಹುದಿತ್ತು. ಎಷ್ಟೋ ಮನೆಗಳಲ್ಲಿ ಅಂತಾರೆ, ಮಂದಿಯ ಮುಂದೆಯೇ ಅಂತಾರೆ. ಅವರು ಅದನ್ನು ಬಿಟ್ಟು, ಅವನ ಮನಸ್ಸಿನ್ಯಾಗ ಇರಲಿಲ್ಲ ಎಂದರು. ದೇವರ ಅಸ್ತಿತ್ವದ ಬಗ್ಗೆ ಅವರು ಹೂಡಿದ ವಾದ ಅದು ಎಂದು ನೀವು ತಿಳಿದಿದ್ದೀರಿ. ಆ ನಷ್ಟ ನಿಮ್ಮ ತಲೆಗೆ ಬರದಂತೆ ಅವರು ಅಡ್ಡ ನಿಂತಿದ್ದಾರೆ ಎಂದು ನನಗೆ ಕಾಣುತ್ತದೆ. ಪ್ರತಿ ರವಿವಾರ ನೀವು, ಇಲ್ಲ, ಹೊಣೆ ಮನುಷ್ಯನದೇ, ಯಾರು ಮಾಡಿದರು ಹೇಳಿ ಎಂದು ಅವರನ್ನು ಒತ್ತುತ್ತಿದ್ದೀರಿ. ಹೇಳಿದರೆ ನಿಮ್ಮ ಹೆಸರು ಹೇಳಬೇಕು. ಅದಕ್ಕೇ ಅವರು ಅರ್ಧ ರೊಟ್ಟಿಗೆ ಏಳುವುದು.

ಚಾಟ್ನಿಗೆ ಬರದಿದ್ದದ್ದು ನನ್ನನ್ನು ಇನ್ನೂ ಹೆಚ್ಚು ಕಾಡಿತು. ಅಕ್ಟೋಬರ್ ಚಾಟ್ನಿಯಲ್ಲಿ ಯಾವ ಕಡ್ಡಿಗೆ ಎಷ್ಟು ಕಣ್ಣು ಬಿಡಬೇಕು ಎಂಬುದರ ಮೇಲೆ ಆ ವರ್ಷದ ಗೊನೆ ನಿಂತಿದೆ. ದ್ರಾಕ್ಷಿ ಬೆಳೆದು ಪಳಗಿದ ಯಾರೂ ಅದನ್ನು ಮನಸಾರೆ ಇನ್ನೊಬ್ಬರ ಕತ್ತರಿಗೆ ಬಿಡುವುದಿಲ್ಲ. ಇದಕ್ಕೆ ದೇವರ ಮೇಲಿನ ನಂಬಿಕೆ ಕಾರಣ ಎಂದಿದ್ದೀರಿ. ಆಗಿರಲಾರದು. ಅಪ್ಪ ವರ್ಷಕ್ಕೊಮ್ಮೆ ಕೂಡಲಸಂಗಮಕ್ಕೆ ಹೋಗಿ ಬರುವವರು ಎಂದು ನೀವೇ ಬರೆದಿದ್ದೀರಿ. ಹನ್ನೆರಡನೇ ಶತಮಾನದ ಶರಣರು ದೇವರನ್ನು ನಂಬಿದವರೇ, ಕಾಯಕವನ್ನು ಮಾತ್ರ ಒಂದು ದಿನವೂ ಬಿಡಗೊಡಲಿಲ್ಲ. ವೇದಾಂತದ ಕಡೆ ನೋಡಿದರೂ ಬ್ರಹ್ಮಸೂತ್ರ, ಮಾಡಿಸುವವನು ಈಶ್ವರನೇ ಆದರೂ ಜೀವ ಮಾಡಿದ ಪ್ರಯತ್ನವನ್ನು ನೋಡಿಯೇ ಮಾಡಿಸುತ್ತಾನೆ ಎನ್ನುತ್ತದೆ. ಕತ್ತರಿ ಕೆಳಗಿಡು ಎಂದು ಅಪ್ಪನ ದೇವರು ಹೇಳಿಲ್ಲ. ಸಾಲ ಮತ್ತು ಸೋಲು ಹಾಗೆ ಮಾಡಿಸುತ್ತವೆ. ನಿದ್ದೆ, ಊಟ ಕಡಿಮೆಯಾಗಿದೆಯೇ, ‘ಸಾಕಾಗೇದ’ ಎಂಬಂಥ ಮಾತು ಬರುತ್ತಿದೆಯೇ ಎಂದು ಅವ್ವನನ್ನು ಇವತ್ತೇ ಕೇಳಿ. ಹೌದೆಂದರೆ ರವಿವಾರಕ್ಕೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ.

ನಿಮ್ಮ ಕಾಕಾ ಅವರ ಮೇಲೆ ನನಗೆ ಕನಿಕರ ಬರಲಿಲ್ಲ. ಪ್ರತಿ ರವಿವಾರ ಊಟದ ಹೊತ್ತಿಗೇ ಬಂದು, “ಏನಲೇ, ಇವತ್ತ ದೇವರ ಅದಾನೋ ಇಲ್ಲೋ” ಎಂದು ಕಿಡಿ ಹಾಕಿ, ಒಂದು ವಾರ ನಿಮ್ಮ ಕಡೆ, ಒಂದು ವಾರ ಅಣ್ಣನ ಕಡೆ ಮಾತಾಡುವವರು. ನಮ್ಮ ಹಳೆಯ ತರ್ಕದ ದರ್ಶನವಾದ ನ್ಯಾಯಶಾಸ್ತ್ರ ಚರ್ಚೆಯನ್ನು ಮೂರು ಬಗೆ ಮಾಡುತ್ತದೆ: ಸತ್ಯ ತಿಳಿಯಲು ಇಬ್ಬರೂ ಕೂಡಿ ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಕಂಡದ್ದನ್ನು ಕೆಡವುತ್ತ ಹೋಗುವುದು ವಿತಂಡ. ಕಾಕಾ ವಿತಂಡ ಹೂಡಿ ಮಜಾ ನೋಡಿದರು, ನೀವು ಜಲ್ಪಕ್ಕೆ ಇಳಿದಿರಿ. ಅಪ್ಪ ಈ ಮೂರರಲ್ಲಿ ಯಾವುದರೊಳಗೂ ಇರಲಿಲ್ಲ. ತಾಟಿನ ಮುಂದೆ ಈ ವಿಷಯ ಬೇಡ ಎಂದು ಕಾಕಾ ಅವರಿಗೆ ನೀವೇ ಖಡಾಖಂಡಿತ ಹೇಳಿ, ಅವ್ವನ ಬಾಯಲ್ಲಿ ಹೇಳಿಸಬೇಡಿ.

ನೀವು ಮಾಡಬೇಕಾದದ್ದು ಒಂದೇ. ಈ ರವಿವಾರ ಬೆಳಿಗ್ಗೆ, ಊಟಕ್ಕೆ ಬಹಳ ಮುಂಚೆ, ಕಾಕಾ ಇಲ್ಲದಾಗ, ಅಪ್ಪನ ಹತ್ತಿರ ಕುಂತು ಹೇಳಿ: “ಅಪ್ಪಾ, ಆ ಬೋರ್ ಹಾಕಸೂಣು ಅಂತ ಹಟಾ ಹಿಡದಾಂವ ನಾನ. ನಿಮಗ ಮನಸ್ಸಿರಲಿಲ್ಲ. ಅದರ ಸಾಲದ ಕಂತು ಇನ್ನ ಮ್ಯಾಲ ನಾ ತುಂಬತೀನಿ.” ಇಷ್ಟು ಹೇಳಿ ನಿಲ್ಲಿಸಿ. ‘ಆದರ’ ಎಂದು ಮುಂದುವರಿಸಬೇಡಿ. ಮಷೀನ್ ಹಚ್ಚಿ ನೀರು ನೋಡಿದವರು ಹೇಳಿದ್ದರಲ್ಲ ಎನ್ನಬೇಡಿ. ಅದು ನಿಜವೇ. ನಿಮ್ಮ ಕಡೆ ನೆಲದಡಿ ಇರುವುದು ಕಪ್ಪು ಬಸಾಲ್ಟ್ ಕಲ್ಲು. ಅದರಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ, ಸವೆದ ಪದರದಲ್ಲಿ, ಒಂದು ಲಾವಾ ಹಾಸು ಇನ್ನೊಂದನ್ನು ಕೂಡುವ ಜಾಗದಲ್ಲಿ ಮಾತ್ರ. ಮಷೀನ್ ನೆಲದ ವಿದ್ಯುತ್ ತಡೆಯನ್ನು ಅಳೆದು ಅಂದಾಜು ಕೊಡುತ್ತದೆ, ಖಾತ್ರಿ ಕೊಡುವುದಿಲ್ಲ. ಸರಿಯಾಗಿ ಯೋಚಿಸಿ ಮಾಡಿದ್ದೂ ಕೈ ಕೊಡುವ ನೆಲ ಅದು, ನೀವು ಅಪರಾಧ ಮಾಡಿಲ್ಲ. ಆದರೂ ನಿರ್ಧಾರ ನಿಮ್ಮದು, ಅದನ್ನು ನಿಮ್ಮದೆಂದು ಹೇಳಬೇಕಾದವರು ನೀವೇ. ವಿವರಣೆಯನ್ನು ಅವರು ಕೇಳಿದರೆ ಮಾತ್ರ ಕೊಡಿ.

ದೇವರ ಮಾತು ಅಪ್ಪನಾಗಿ ಎತ್ತುವವರೆಗೆ ಬಿಡಿ. ಎತ್ತಿದಾಗಲೂ ಪೈಕ್ ವಾದವನ್ನು ಅವರ ಮುಂದಿಡಬೇಡಿ. ಅವರು ‘ಅವನ ಮನಸ್ಸು’ ಎಂದರೆ, ಹಾಗಂದರ ಏನ್ರಿ ಅಪ್ಪಾ ಎಂದು ಕೇಳಿ, ಅವರು ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.